ಮುಚ್ಚಳದ ಮೇಲಿನ ಹದಿನೆಂಟು

ಇಲ್ಲಿ ಬರೆಯುವುದರಲ್ಲಿ ಎಷ್ಟು ನನ್ನ ನೋಟ್‌ಬುಕ್ಕಿನಲ್ಲಿದೆ, ಎಷ್ಟು ನನ್ನ ತಲೆಯಲ್ಲಿ ಮಾತ್ರ ಇದೆ ಎಂಬುದನ್ನು ಆದಷ್ಟು ಬೇರ್ಪಡಿಸಿ ಹೇಳುತ್ತೇನೆ. ಹಾಗೆ ಬೇರ್ಪಡಿಸುವ ಅಭ್ಯಾಸ ನನಗೆ ಮೊದಲು ಇರಲಿಲ್ಲ.

ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು: ಒಂದು ಸೋಮವಾರ ಬೆಳಿಗ್ಗೆ ಎರ್ನಾಕುಲಂನ ಒಂದು ಆಸ್ಪತ್ರೆಯಲ್ಲಿ ಎರಡು ಟ್ಯೂಬುಗಳನ್ನು ಪಡೆದುಕೊಂಡೆ. ಒಂದರ ಮೇಲೆ ಹದಿನೇಳು, ಇನ್ನೊಂದರ ಮೇಲೆ ಹದಿನೆಂಟು. ಪ್ರತಿಯೊಂದರಲ್ಲೂ ಅಕ್ಕಿಕಾಳಿಗಿಂತ ಚಿಕ್ಕದಾದ ನಾಲ್ಕು ತುಣುಕುಗಳು. ಗುದನಾಳದ ಒಳಪದರದಿಂದ ವೈದ್ಯರು ಚಿವುಟಿ ತೆಗೆದವು.

ನಾನು ತಿರುವನಂತಪುರದ ಒಂದು ಸಂಶೋಧನಾಲಯದಲ್ಲಿ ಕರುಳು ಬೆಳೆಸುತ್ತೇನೆ. ಹೀಗೆಂದರೆ ಶ್ರೀಕಾರ್ಯಂನ ನನ್ನ ಮನೆ ಮಾಲೀಕರು ಈಗಲೂ ನಗುತ್ತಾರೆ. ಅಂಥ ತುಣುಕಿನಿಂದ ಕಾಂಡಕೋಶಗಳಿರುವ ಭಾಗವನ್ನು ಬಿಡಿಸಿ, ಒಂದು ಬಗೆಯ ಜೆಲ್ಲಿನಲ್ಲಿ ನೆಟ್ಟು, ಬೇಕಾದ ಪೋಷಕಗಳನ್ನು ಕೊಟ್ಟರೆ ಒಂದು ವಾರದಲ್ಲಿ ಸಾಸಿವೆಗಿಂತ ಸಣ್ಣ ಟೊಳ್ಳು ಚೆಂಡುಗಳಾಗುತ್ತವೆ. ಅವುಗಳಿಗೆ ಆರ್ಗನಾಯ್ಡ್ ಎನ್ನುತ್ತಾರೆ. ಯಾರ ಕರುಳಿನಿಂದ ಬಂದವೋ ಅವರ ಕರುಳಿನಂತೆಯೇ ನಡೆದುಕೊಳ್ಳುತ್ತವೆ, ಅವರ ಕಾಯಿಲೆಯನ್ನೂ ಹೊತ್ತಿರುತ್ತವೆ.

ಆ ಎರಡೂ ಟ್ಯೂಬುಗಳ ಮಕ್ಕಳಿಗೆ ಇದ್ದದ್ದು ಸಿಸ್ಟಿಕ್ ಫೈಬ್ರೋಸಿಸ್. ಈ ಕಾಯಿಲೆಯಲ್ಲಿ ಕೋಶದ ಗೋಡೆಯಲ್ಲಿ ಉಪ್ಪನ್ನೂ ಅದರ ಹಿಂದೆ ನೀರನ್ನೂ ಹೊರಬಿಡುವ ಬಾಗಿಲು ಕೆಟ್ಟಿರುತ್ತದೆ. ಲೋಳೆ ಗಟ್ಟಿಯಾಗಿ ಶ್ವಾಸಕೋಶ ಕಟ್ಟುತ್ತದೆ, ಕರುಳು ಕಟ್ಟುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಕೆಲವು ಬಗೆಯ ದೋಷಗಳಿದ್ದವರಲ್ಲಿ ಆ ಬಾಗಿಲನ್ನು ಸರಿಪಡಿಸುವ ಔಷಧಿ ಈಗ ಇದೆ. ಹದಿನೇಳನೆಯ ಟ್ಯೂಬಿನ ಹುಡುಗನದು ಎಲ್ಲರಿಗೂ ತಿಳಿದ ದೋಷ. ಆ ಔಷಧಿಯಿಂದ ಅವನು ಆಗಲೇ ಚೇತರಿಸಿಕೊಂಡಿದ್ದ. ಅವನ ಕೋಶಗಳನ್ನು ನಾವು ತಗೊಂಡದ್ದು ಹೋಲಿಕೆಗಾಗಿ. ಹದಿನೆಂಟನೆಯದು ಹತ್ತು ವರ್ಷದ ಹುಡುಗಿಯದು. ಅವಳ ದೋಷ ಅಪರೂಪದ್ದು, ಔಷಧಿ ಅವಳಿಗೆ ಹಿಡಿಯುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ನಾವು ಹೇಳಬೇಕಿತ್ತು.

ಅವಳು ಯಾರೆಂದು ನನಗೆ ತಿಳಿಯಬಾರದಿತ್ತು. ತಿಳಿದದ್ದು ಕನ್ನಡದಿಂದ. ಆಸ್ಪತ್ರೆಯ ಬೆಂಚಿನಲ್ಲಿ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಸರಗೋಡಿನಲ್ಲಿರುವ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿದ್ದ ಮನುಷ್ಯ ನಾನು ಫೋನಿಡುವುದನ್ನೇ ಕಾಯುತ್ತಿದ್ದರು.

“ಕನ್ನಡದವ್ರೇನ್ರಿ ಸರ ನೀವು?”

“ಹೌದು, ಕಾಸರಗೋಡಿನವ. ನಿಮ್ಮದು?”

“ಧಾರವಾಡ. ಎಂಟು ವರ್ಷಾತು ಇಲ್ಲಿ ಬಂದು. ವಲ್ಲಾರ್ಪಾಡಂ ಬಂದರದಾಗ ಕೇಂದ್ರ ಸರ್ಕಾರದ್ದು ನೌಕರಿ, ಕಂಟೇನರ್ ತಪಾಸಣಿ. ಮನಿ ಬಿಟ್ರ ಕನ್ನಡ ಮಾತಾಡಾಕ ಯಾರೂ ಸಿಗಂಗಿಲ್ರಿ. ಮನ್ಯಾಗೂ ಮಗಳು ಮಲಯಾಳದಾಗ ಉತ್ತರ ಕೊಡ್ತಾಳ.” ಆಮೇಲೆ ಪೆಟ್ಟಿಗೆಯ ಕಡೆ ನೋಡಿದರು. “ಅದ್ರಾಗ ನಮ್ಮ ಹುಡುಗೀದೂ ಐತಲ್ರಿ? ಹದಿನೆಂಟು ಅಂತ ನರ್ಸಮ್ಮ ಅಂದ್ಲು.”

“ನನಗೆ ನಂಬರು ಮಾತ್ರ ಗೊತ್ತುಂಟು,” ಎಂದೆ.

“ಉಂಟು ಅಂತೀರಿ! ಬಾಳ ದಿನದ ಮ್ಯಾಲೆ ಯಕ್ಷಗಾನ ಕೇಳಿದಂಗಾತು ನೋಡ್ರಿ,” ಎಂದು ನಕ್ಕರು. ಏಳುವ ಹೊತ್ತಿಗೆ ನನ್ನ ಫೋನ್ ನಂಬರು ಅವರ ಬಳಿ ಇತ್ತು. ನಾನೇ ಕೊಟ್ಟೆನೇ ಅಥವಾ ಅವರು ಕೇಳಿ ಪಡೆದರೇ ನೆನಪಿಲ್ಲ. ನೋಟ್‌ಬುಕ್ಕಿನಲ್ಲಿ ಅದು ಇಲ್ಲ.

ಮಧ್ಯಾಹ್ನದ ರೈಲಿನಲ್ಲಿ ತಿರುವನಂತಪುರಕ್ಕೆ ಬಂದು ಅಂದೇ ಸಂಜೆ ಎರಡನ್ನೂ ಬೇರೆ ಬೇರೆ ಪ್ಲೇಟಿನಲ್ಲಿ ನೆಟ್ಟೆ. ಒಂದು ವಾರದಲ್ಲಿ ಎರಡೂ ಬೆಳೆದವು. ಪ್ರತಿ ವಾರ ಚೆಂಡುಗಳನ್ನು ಒಡೆದು ಹೊಸ ಜೆಲ್ಲಿನಲ್ಲಿ ಮತ್ತೆ ನೆಡಬೇಕು, ಆಗ ಸಂಖ್ಯೆ ಹೆಚ್ಚುತ್ತದೆ. ಮೊದಲ ಸಲ ಒಡೆದಾಗ ಪ್ರತಿಯೊಂದರಿಂದ ಎರಡೆರಡು ಟ್ಯೂಬನ್ನು ದ್ರವ ಸಾರಜನಕದಲ್ಲಿ ಶೇಖರಿಸಿಟ್ಟೆ. ಅದು ನಮ್ಮ ಲ್ಯಾಬಿನ ನಿಯಮ, ನನ್ನ ಜಾಣತನವಲ್ಲ.

ಎರಡನೆಯ ವಾರ ಜೆಲ್ ಮುಗಿಯುತ್ತ ಬಂದಿತ್ತು. ಹೊರದೇಶದಿಂದ ಬರಬೇಕಾದದ್ದು ತಡವಾಗಿ ಫ್ರೀಜರಿನಲ್ಲಿ ಒಂದೇ ಬಾಟಲಿ ಉಳಿದಿತ್ತು. ಹಾಗಾಗಿ ಎರಡನ್ನೂ ಒಂದೇ ಪ್ಲೇಟಿನಲ್ಲಿ ನೆಡಲು ನಿರ್ಧರಿಸಿದೆ. ಪ್ಲೇಟಿನಲ್ಲಿ ಇಪ್ಪತ್ನಾಲ್ಕು ಗುಳಿಗಳು. ಎಡಭಾಗದ ಹನ್ನೆರಡು ಹದಿನೇಳಕ್ಕೆ, ಬಲಭಾಗದ ಹನ್ನೆರಡು ಹದಿನೆಂಟಕ್ಕೆ. ಜೆಲ್ ಐಸಿನ ಮೇಲೆ ನೀರಾಗಿರುತ್ತದೆ, ಬಿಸಿಯಾದರೆ ಗಟ್ಟಿಯಾಗುತ್ತದೆ. ಕೋಶ ಬೆರೆಸಿದ ಜೆಲ್ಲನ್ನು ಪ್ರತಿ ಗುಳಿಯ ನಡುವೆ ಹನಿ ಹನಿಯಾಗಿ ಇಟ್ಟು, ಮುಚ್ಚಳ ಹಾಕಿ, ಇಡೀ ಪ್ಲೇಟನ್ನು ಬೋರಲಾಗಿ ತಿರುವಿ ಇನ್‌ಕ್ಯುಬೇಟರಿನಲ್ಲಿ ಹತ್ತು ನಿಮಿಷ ಇಡುತ್ತೇವೆ. ಹಾಗೆ ಮಾಡದಿದ್ದರೆ ಕೋಶಗಳು ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಹೊರತೆಗೆದು, ನೆಟ್ಟಗೆ ಮಾಡಿ, ಮುಚ್ಚಳ ತೆರೆದು ಪೋಷಕ ದ್ರವ ಹಾಕಬೇಕು.

ಸಂಖ್ಯೆಗಳನ್ನು ಮುಚ್ಚಳದ ಮೇಲೆ ಬರೆದಿದ್ದೆ. ಪ್ಲೇಟಿನ ಮೈಮೇಲೂ ಬರೆಯಬೇಕು, ಹೊಸದಾಗಿ ಸೇರಿದವರಿಗೆ ನಾನೇ ಅದನ್ನು ಹೇಳಿಕೊಡುತ್ತೇನೆ. ಆ ದಿನ ಬರೆದೆನೇ?

ನಾಲ್ಕನೆಯ ವಾರ ಪರೀಕ್ಷೆ. ಕೋಶಗಳಿಗೆ ಒಂದು ದಿನ ಮುಂಚೆ ಔಷಧಿ ಕೊಟ್ಟು, ಹಸಿರು ಹೊಳೆಯುವ ಬಣ್ಣ ಹಾಕಿ, ಬಾಗಿಲು ತೆರೆಯುವಂತೆ ಪ್ರಚೋದಿಸುವ ರಾಸಾಯನಿಕ ಬೆರೆಸಿ ಮೈಕ್ರೋಸ್ಕೋಪಿನ ಕೆಳಗಿಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಾಗಿಲು ತೆರೆದು ನೀರು ಒಳಟೊಳ್ಳಿಗೆ ನುಗ್ಗುತ್ತದೆ, ಚೆಂಡು ಕಣ್ಣೆದುರೇ ಊದಿಕೊಳ್ಳುತ್ತದೆ. ಮೈಕ್ರೋಸ್ಕೋಪ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಕೋಟ್ಟಯಂ ಕಡೆಯವಳು, ಪಿಎಚ್‌ಡಿ ಮುಗಿಸುತ್ತಿದ್ದಳು, ನನ್ನನ್ನು ಚೇಟ್ಟಾ, ಅಂದರೆ ಅಣ್ಣಾ, ಎನ್ನುತ್ತಿದ್ದಳು. ಅರ್ಧ ಗಂಟೆಗೆ ಅವಳು ಕೂಗಿದಳು.

“ಚೇಟ್ಟಾ, ಓಡಿ ಬಾ! ಹದಿನೆಂಟು ಊದುತ್ತಿದೆ!”

ಊದುತ್ತಿತ್ತು. ಒಂದು ಗಂಟೆಯಲ್ಲಿ ಕೆಲವು ಚೆಂಡುಗಳು ಎರಡು ಪಟ್ಟಾದವು. ನಮ್ಮ ಮುಖ್ಯಸ್ಥೆಯನ್ನು ಎಲ್ಲರೂ ಮ್ಯಾಡಂ ಎನ್ನುತ್ತೇವೆ. ಅವರೂ ಬಂದು ಪರದೆ ನೋಡಿ ನನ್ನ ಭುಜ ತಟ್ಟಿದರು. ಅವರು ಹಾಗೆಲ್ಲ ತಟ್ಟುವವರಲ್ಲ.

“ಹದಿನೇಳು?” ಎಂದೆ.

“ಅದು ಮಲಗಿದೆ,” ಎಂದಳು ಸಹೋದ್ಯೋಗಿ. “ಜೆಲ್ ಹಳೆಯದಲ್ಲವೇ. ಕೋಶ ಸೊರಗಿರಬೇಕು.”

“ಎರಡಕ್ಕೂ ಒಂದೇ ಬಾಟಲಿಯ ಜೆಲ್.”

“ಚೇಟ್ಟನಿಗೆ ಒಳ್ಳೆಯ ಸುದ್ದಿ ಬಂದರೆ ಜ್ವರ ಬರುತ್ತದೆ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅದೇ ಸಂಜೆ ಧಾರವಾಡದ ತಂದೆಯ ಕರೆ ಬಂತು. ವಾರಕ್ಕೊಮ್ಮೆ ಮಾಡುತ್ತಿದ್ದರು, ಕೆಲಸದ ವಿಷಯ ಕೇಳುತ್ತಿರಲಿಲ್ಲ, ಜೋಳದ ಹಿಟ್ಟು ಇಲ್ಲಿ ಎಲ್ಲಿ ಸಿಗುತ್ತದೆ ಎಂಬಂಥ ಮಾತು. ಆ ದಿನ ಮಾತ್ರ, “ಏನರ ಆತೇನ್ರಿ ಸರ?” ಎಂದರು. ಹೇಳಬಾರದಿತ್ತು. “ಒಳ್ಳೆಯ ಲಕ್ಷಣ ಉಂಟು,” ಎಂದುಬಿಟ್ಟೆ. ಆಮೇಲೆ ದೂರದಿಂದ, “ಏ ಇವಳ, ಕೇಳಿದೇನ?” ಎಂದು ಹೆಂಡತಿಯನ್ನು ಕರೆಯುವುದು ಕೇಳಿಸಿತು.

ಮರುದಿನ ಮಂಗಳವಾರ. ವರದಿ ಶುಕ್ರವಾರದೊಳಗೆ ಎರ್ನಾಕುಲಂ ತಲುಪಬೇಕಿತ್ತು. ಅಂದು ಅಲ್ಲಿನ ವೈದ್ಯರ ಸಮಿತಿ ಕೂರುತ್ತಿತ್ತು, ಮುಂದಿನ ಸಭೆ ಒಂದು ತಿಂಗಳ ನಂತರ. ಹುಡುಗಿಯ ತೂಕ ಇಳಿಯುತ್ತಲೇ ಇತ್ತು. ವರದಿ ಬರೆಯಲು ಕುಳಿತವನು ಹದಿನೇಳರ ಸಾಲಿಗೆ ಬಂದು ನಿಂತೆ. ಔಷಧಿಯಿಂದ ನಿಜವಾಗಿಯೂ ಚೇತರಿಸಿಕೊಂಡ, ಎರ್ನಾಕುಲಂನ ಯಾವುದೋ ಶಾಲೆಯ ಮೈದಾನದಲ್ಲಿ ಓಡಾಡುತ್ತಿರುವ ಹುಡುಗನ ಕರುಳು ಅದೇ ಔಷಧಿಗೆ ಏಕೆ ಸುಮ್ಮನಿದೆ? ಊದಬೇಕಾದದ್ದು ಊದಲಿಲ್ಲ, ಗೊತ್ತಿಲ್ಲದ್ದು ಊದಿದೆ. ಇದಕ್ಕೆ ಎರಡು ಬೇರೆ ಬೇರೆ ಕಾರಣ ಹುಡುಕುವ ಬದಲು ಒಂದೇ ಕಾರಣ ಸಾಕಲ್ಲವೇ?

ನಾವು ತರಿಸುವ ಪ್ಲೇಟಿನ ಮುಚ್ಚಳ ಎರಡೂ ದಿಕ್ಕಿನಲ್ಲಿ ಸರಿಯಾಗಿಯೇ ಕೂರುತ್ತದೆ. ಪೋಷಕ ದ್ರವ ಹಾಕಲು ತೆರೆದಾಗ ಅರ್ಧ ಸುತ್ತು ತಿರುಗಿಸಿ ಮುಚ್ಚಿದ್ದರೆ ಹದಿನೇಳು ಬಲಕ್ಕೆ, ಹದಿನೆಂಟು ಎಡಕ್ಕೆ ಹೋಗುತ್ತದೆ. ಬರಹ ನೆಟ್ಟಗೆ ಕಾಣುವಂತೆ ಪ್ಲೇಟನ್ನು ಹಿಡಿಯುವುದು ಯಾರಿಗೂ ಸಹಜ. ಆಗ ಕರುಳಿನ ಹೆಸರೇ ಅದಲುಬದಲಾಗುತ್ತದೆ, ಬೇರೆ ಯಾವುದರಲ್ಲೂ ಒಂದು ಗುರುತೂ ಉಳಿಯುವುದಿಲ್ಲ. ಆ ಪ್ಲೇಟು ಯಾವಾಗಲೋ ತ್ಯಾಜ್ಯಕ್ಕೆ ಹೋಗಿತ್ತು.

ಆದರೆ ನನಗೆ ಚೆನ್ನಾಗಿ ನೆನಪಿತ್ತು. ದ್ರವ ಹಾಕುವಾಗ ಸಹೋದ್ಯೋಗಿ ಪಕ್ಕದಲ್ಲಿ ನಿಂತು ಮುಚ್ಚಳ ಹಿಡಿದುಕೊಂಡಿದ್ದಳು, ನೀಲಿ ಗ್ಲೌಸ್, ಸಂಖ್ಯೆಗಳು ಅವಳ ಹೆಬ್ಬೆರಳಿನ ಪಕ್ಕದಲ್ಲಿ ಕಾಣುತ್ತಿದ್ದವು, ಅದೇ ದಿಕ್ಕಿನಲ್ಲಿ ನನ್ನ ಕೈಗೆ ಕೊಟ್ಟಳು. ಅವಳನ್ನು ಕೇಳಿದೆ.

“ಎರಡು ಮಾದರಿ ಒಂದೇ ಪ್ಲೇಟಿನಲ್ಲಿ ನೆಟ್ಟ ದಿನವಾ? ನಾನು ಇರಲೇ ಇಲ್ಲವಲ್ಲ ಚೇಟ್ಟಾ. ಚಿಕ್ಕಮ್ಮನ ಮಗಳ ಮದುವೆ. ಕೋಟ್ಟಯಂನಲ್ಲಿದ್ದೆ.”

“ನೀನು ಇದ್ದೆ. ಮುಚ್ಚಳ ಹಿಡಿದಿದ್ದೆ.”

ಅವಳು ಫೋನ್ ತೆಗೆದು ಮದುವೆಯ ಫೋಟೋ ತೋರಿಸಿದಳು. ಬಂಗಾರದ ಅಂಚಿನ ಸೀರೆ, ತಲೆ ತುಂಬ ಮಲ್ಲಿಗೆ, ಕೆಳಗೆ ದಿನಾಂಕ. ನನ್ನ ನೋಟ್‌ಬುಕ್ಕಿನ ದಿನಾಂಕವೂ ಅದೇ.

ಆ ಫೋಟೋವನ್ನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ನನ್ನ ತಲೆಯಲ್ಲಿ ಮುಚ್ಚಳ ಹಿಡಿದಿದ್ದ ಕೈ ಯಾರದೂ ಅಲ್ಲ. ಬೇರೆ ಯಾವುದೋ ದಿನದ ಕೈಯನ್ನು ತಂದು ನಾನು ಆ ದಿನಕ್ಕೆ ಅಂಟಿಸಿಕೊಂಡಿದ್ದೆ. ಹಾಗಿದ್ದರೆ ಪ್ಲೇಟಿನ ಮೈಮೇಲೆ ಬರೆದ ಸಂಖ್ಯೆ, ಅದೂ ನನಗೆ ಕಣ್ಣಿಗೆ ಕಟ್ಟಿದಂತಿದೆಯಲ್ಲ, ಅದು ಯಾವ ದಿನದ್ದು?

ಮ್ಯಾಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಪುರಾವೆ ಇದೆಯಾ, ಅಥವಾ ಮನಸ್ಸಿನ ಕಸಿವಿಸಿ ಮಾತ್ರವಾ?”

“ಕಸಿವಿಸಿ. ಆದರೆ ಹದಿನೇಳು ಊದದೇ ಇದ್ದದ್ದು ಪುರಾವೆಯ ಅರ್ಧ.”

“ಒಂದು ವಿಫಲ ಹೋಲಿಕೆಗೆ ನೂರು ಕಾರಣ. ಅದನ್ನು ವರದಿಯಲ್ಲಿ ಅಡಿಟಿಪ್ಪಣಿಯಾಗಿ ಬರೆಯಿರಿ. ಈ ಶುಕ್ರವಾರ ತಪ್ಪಿದರೆ ಆ ಮಗು ತಿಂಗಳು ಕಾಯಬೇಕು. ನಿಮ್ಮ ಸಂಶಯ ತಪ್ಪಾಗಿದ್ದರೆ?”

ಅವರು ಕೇಳಿದ್ದು ನ್ಯಾಯವಾಗಿತ್ತು. ನನ್ನ ಸಂಶಯ ತಪ್ಪಾಗಿದ್ದರೆ ಔಷಧಿ ಹಿಡಿಯುವ ಮಗುವನ್ನು ನಾನೇ ತಿಂಗಳು ತಡೆದಂತೆ. ಸರಿಯಾಗಿದ್ದು ಸುಮ್ಮನಿದ್ದರೆ, ಕೆಲಸ ಮಾಡದ ಮಾತ್ರೆಯನ್ನು ಅವಳು ತಿಂಗಳುಗಟ್ಟಲೆ ನುಂಗುತ್ತಾಳೆ, ಎಲ್ಲರೂ ಅವಳು ಚೇತರಿಸಿಕೊಳ್ಳುವುದನ್ನೇ ಕಾಯುತ್ತ ಬೇರೆ ಎಚ್ಚರಗಳನ್ನು ಸಡಿಲಿಸುತ್ತಾರೆ. ನೋಟ್‌ಬುಕ್ ಮುಂದಿಟ್ಟುಕೊಂಡು ಮಧ್ಯಾಹ್ನವೆಲ್ಲ ಕುಳಿತೆ. ಆ ಪುಟದಲ್ಲಿ ‘ತಿರುವಿ ಹತ್ತು ನಿಮಿಷ, ದ್ರವ ಹಾಕಿದೆ’ ಎಂದಿತ್ತು. ಎಲ್ಲಿ ಬರೆದೆ ಎಂಬುದು ಇರಲಿಲ್ಲ. ಕಣ್ಣು ಮುಚ್ಚಿ ಆ ದಿನವನ್ನು ಮತ್ತೆ ಮತ್ತೆ ನಡೆಸಿ ನೋಡಿದೆ. ಪ್ರತಿ ಸಲವೂ ಮುಚ್ಚಳ ಸರಿಯಾಗಿಯೇ ಕೂತಿತು. ಪ್ರತಿ ಸಲವೂ ಆ ಕೈ ಅಲ್ಲೇ ಇತ್ತು.

ಮೂರೂವರೆಗೆ ಎರ್ನಾಕುಲಂನ ವೈದ್ಯರಿಗೂ ಮ್ಯಾಡಂಗೂ ಒಂದೇ ಇಮೇಲ್ ಕಳಿಸಿದೆ: ಎರಡು ಮಾದರಿಗಳು ಅದಲುಬದಲಾಗಿರುವ ಸಾಧ್ಯತೆ ಇದೆ, ತಪ್ಪು ನನ್ನದು, ಡಿಎನ್‌ಎ ಓದಿಸಿ ಖಚಿತವಾಗುವ ತನಕ ಯಾವ ಫಲಿತಾಂಶವನ್ನೂ ಬಳಸಬೇಡಿ. ಮ್ಯಾಡಂಗೆ ಮೊದಲು ತೋರಿಸಿದರೆ ನಾನು ಮೆತ್ತಗಾಗುತ್ತೇನೆ ಎಂದು ಗೊತ್ತಿತ್ತು.

ಅವರು ಐದು ನಿಮಿಷದಲ್ಲಿ ಲ್ಯಾಬಿಗೆ ಬಂದರು. ಬಾಗಿಲಲ್ಲೇ ನಿಂತು, “ನನ್ನನ್ನು ಕೇಳಿ ಕಳಿಸಬಹುದಿತ್ತು,” ಎಂದರು. “ಸರಿ, ಹೋದದ್ದು ಹೋಯಿತು. ಶೇಖರಿಸಿಟ್ಟ ಟ್ಯೂಬ್ ಹೊರಗೆ ತೆಗೆಯಿರಿ. ಈಗ ಬೆಳೆಯುತ್ತಿರುವುದರ ಡಿಎನ್‌ಎ, ಮೊದಲ ವಾರದ್ದರ ಡಿಎನ್‌ಎ, ನಾಲ್ಕೂ ಓದಿಸಿ. ಈ ಸಲ ಟ್ಯೂಬಿನ ಮೇಲೆ ಬೇರೆಯವರು ಬರೆಯಲಿ.” ಕೊನೆಯ ಮಾತು ಚುಚ್ಚಬೇಕೆಂದೇ ಹೇಳಿದ್ದು. ಚುಚ್ಚಿತು.

ಬುಧವಾರ ಸಹೋದ್ಯೋಗಿ ಎಲ್ಲ ಟ್ಯೂಬುಗಳ ಮೇಲೆ ಬರೆದಳು. ಕೊಚ್ಚಿಯ ಒಂದು ಲ್ಯಾಬಿಗೆ ಕಳಿಸಿದೆವು, ಸೋಮವಾರ ಉತ್ತರ. ಇನ್ನೊಂದು ಕೆಲಸ ಬಾಕಿ ಇತ್ತು. ಅದಕ್ಕೆ ಎರಡು ಸಲ ನಂಬರು ಒತ್ತಿ ಕತ್ತರಿಸಿದೆ.

“ಹೇಳ್ರಿ ಸರ,” ಎಂದರು ತಂದೆ. ಹಿಂದೆ ಕ್ರೇನುಗಳ ಸದ್ದು. ಬಂದರಿನಲ್ಲೇ ಇದ್ದರು.

“ಮೊನ್ನೆ ಹೇಳಿದ್ದನ್ನು ಹಿಂದೆ ತಗೊಳ್ಳಬೇಕು. ಎರಡು ಮಾದರಿ ನನ್ನ ಕೈಯಲ್ಲಿ ಅದಲುಬದಲಾಗಿರಬಹುದು. ಊದಿದ್ದು ನಿಮ್ಮ ಮಗಳದ್ದು ಅಲ್ಲದೆಯೂ ಇರಬಹುದು.”

“ಇರಬಹುದು ಅಂದ್ರ?”

“ಗೊತ್ತಿಲ್ಲ. ಸೋಮವಾರ ಗೊತ್ತಾಗ್ತದೆ.”

“ನಂಬರು ಬರದಿದ್ರೆಲ್ರಿ. ಎಲ್ಲಿ ಬರದಿದ್ರಿ?”

“ಮುಚ್ಚಳದ ಮೇಲೆ.”

ಕ್ರೇನು ಏನನ್ನೋ ಇಳಿಸಿದ ಸದ್ದು ಬಂತು. “ಸರ,” ಎಂದರು, ದನಿ ಏರಿಸದೆ, “ಕಬ್ಬಿಣದ ಡಬ್ಬಿ ಇವು. ಒಳಗ ಟೈರ್ ಇರತಾವು, ಗೋಡಂಬಿ ಇರತಾವು. ಇವಕ್ಕ ನಾವು ನಂಬರು ನಾಕೂ ಮಗ್ಗಲಕ ಬರದಿರತೀವಿ, ನೆತ್ತಿ ಮ್ಯಾಲೂ ಬರದಿರತೀವಿ. ಬಾಗಿಲದ ಮ್ಯಾಲೆ ಒಂದ ನಂಬರು ಇದ್ರ ನಾ ಗೇಟ್ ದಾಟಾಕ ಬಿಡಂಗಿಲ್ಲ. ನೀವು ನನ್ನ ಮಗಳ ಕರಳಿಗೆ ಬರೀ ಮುಚ್ಚಳದ ಮ್ಯಾಲೆ ಬರದ್ರಿ?”

“ಹೌದು,” ಎಂದೆ. ಅವರು ಫೋನ್ ಇಟ್ಟರು.

ಶುಕ್ರವಾರದ ಸಭೆ ಅವಳ ವಿಷಯವಿಲ್ಲದೆ ನಡೆಯಿತು. ಸೋಮವಾರ ಹನ್ನೊಂದಕ್ಕೆ ಉತ್ತರ ಬಂತು. ಮೊದಲ ವಾರ ಶೇಖರಿಸಿಟ್ಟ ಟ್ಯೂಬುಗಳಲ್ಲಿ ಹುಡುಗನ ದೋಷ ಹದಿನೇಳರಲ್ಲಿ, ಹುಡುಗಿಯ ದೋಷ ಹದಿನೆಂಟರಲ್ಲಿ, ಇರಬೇಕಾದ ಕಡೆಯೇ ಇತ್ತು. ಈಗ ಬೆಳೆಯುತ್ತಿದ್ದವುಗಳಲ್ಲಿ ತಿರುಗುಮುರುಗು. ಊದಿದ್ದು ಹುಡುಗನ ಕರುಳು.

ಸಹೋದ್ಯೋಗಿ ನನ್ನ ಬೆನ್ನ ಹಿಂದಿನಿಂದ ಓದಿದಳು. “ಚೇಟ್ಟ ಹೇಳಿದ್ದೇ ಸರಿ,” ಎಂದಳು. ಯಾವ ಸಂಶಯಕ್ಕೂ ಅಷ್ಟು ಕೆಟ್ಟ ಬಹುಮಾನ ಸಿಕ್ಕಿದ್ದು ನನಗೆ ತಿಳಿದಿಲ್ಲ. ಸರಿ ಎಂದಾಗಬಾರದು ಎಂದು ನಾನು ಆರು ದಿನದಿಂದ ಬಯಸುತ್ತಿದ್ದೆ.

ಆದರೂ ಇನ್ನೊಂದು ಸಲ ನೋಡಬೇಕಿತ್ತು. ಶೇಖರಿಸಿಟ್ಟ ಕೋಶಗಳನ್ನು ಎಚ್ಚರಿಸಿ, ಹೊಸ ಜೆಲ್ಲಿನಲ್ಲಿ, ಬೇರೆ ಬೇರೆ ಪ್ಲೇಟಿನಲ್ಲಿ ನೆಟ್ಟೆವು. ಮುಚ್ಚಳಕ್ಕೆ, ಮೈಗೆ, ತಳಕ್ಕೆ, ನಾಲ್ಕೂ ಬದಿಗೆ ಸಂಖ್ಯೆ ಬರೆದೆ. ಸಹೋದ್ಯೋಗಿ ನಗಲಿಲ್ಲ. ಎರಡು ವಾರ ಕಳೆದು ಮತ್ತೆ ಪರೀಕ್ಷೆ. ಹದಿನೇಳು ಊದಿತು. ಹದಿನೆಂಟನ್ನು ನಾನು ಒಂದು ಗಂಟೆ ರೆಪ್ಪೆ ಮಿಟುಕಿಸದೆ ನೋಡಿದೆ ಎಂದು ಬರೆಯಬೇಕೆನಿಸುತ್ತದೆ. ನೋಟ್‌ಬುಕ್ಕಿನಲ್ಲಿ ಇರುವುದು ‘ಬದಲಾವಣೆ ಇಲ್ಲ’ ಎಂಬ ಎರಡು ಪದ.

ಆ ವಾರವೇ ನಾನು ಎರ್ನಾಕುಲಂಗೆ ಹೋದೆ. ಹೋಗಬೇಕೆಂದು ಯಾರೂ ಹೇಳಲಿಲ್ಲ. ವೈದ್ಯರ ಕೋಣೆಯಲ್ಲಿ ತಂದೆ, ತಾಯಿ, ನಡುವೆ ಹುಡುಗಿ. ಮೊದಲ ಸಲ ನೋಡಿದೆ. ಹತ್ತು ವರ್ಷಕ್ಕೆ ತೀರ ಸಣ್ಣ, ದೊಡ್ಡ ಕೈಗಡಿಯಾರ. ವೈದ್ಯರು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ಈ ಔಷಧಿ ಅವಳಿಗಲ್ಲ. ಜೀರ್ಣದ ಮಾತ್ರೆ, ಊಟ, ಎದೆಯ ವ್ಯಾಯಾಮ ಇನ್ನಷ್ಟು ಬಿಗಿಯಾಗಿ ನಡೆಯಬೇಕು. ಅವಳ ಕೋಶಗಳು ನಮ್ಮಲ್ಲಿ ಶೇಖರವಾಗಿರುತ್ತವೆ, ಹೊಸ ಔಷಧಿ ಬಂದಾಗ ಅವುಗಳ ಮೇಲೆ ಮೊದಲು ನೋಡಬಹುದು. ತಾಯಿ ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದರು. ತಂದೆ ನನ್ನ ಕಡೆ ನೋಡಲಿಲ್ಲ.

ಹೊರಗೆ ಬಂದ ಮೇಲೆ ಅದೇ ಬೆಂಚು. ಹುಡುಗಿ ಅಪ್ಪನಿಗೆ ಮಲಯಾಳದಲ್ಲಿ ಏನೋ ಪಿಸುಗುಟ್ಟಿದಳು.

“ನೀನ ಕೇಳ ಅವರ್ನ,” ಎಂದರು ತಂದೆ. “ಕನ್ನಡದಾಗ ಕೇಳ.”

ಅವಳು ಕನ್ನಡದಲ್ಲಿ ಕೇಳಲಿಲ್ಲ. ತನ್ನ ತುಣುಕುಗಳು ಹೇಗಿವೆ ನೋಡಬಹುದಾ ಎಂದು ಮಲಯಾಳದಲ್ಲೇ ಕೇಳಿದಳು. ಫೋನಿನಲ್ಲಿ ಚಿತ್ರ ತೆಗೆದು ಕೊಟ್ಟೆ. ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕೆಗಳು, ಗಟ್ಟಿಯಾಗಿ ಮುದುಡಿಕೊಂಡವು.

“ಇದು ಊದಲಿಲ್ಲ, ಅಲ್ಲವಾ ಅಂಕಲ್?”

“ಇಲ್ಲ.”

“ಇದು ನನ್ನದೇ?” ಎಂದಳು. ಮತ್ತೆ, “ಉರಪ್ಪಾಣೋ?” ಖಂಡಿತವೇ ಎಂದು.

ತಂದೆ ಆಗ ತಲೆಯೆತ್ತಿ ನನ್ನನ್ನು ನೋಡಿದರು, ಗೇಟಿನಲ್ಲಿ ನಿಂತು ಡಬ್ಬಿಯ ನಂಬರು ನೋಡುವವರಂತೆ. ಆ ಪ್ರಶ್ನೆಗೆ ತಿಂಗಳ ಹಿಂದೆ ನನ್ನ ತಲೆಯಲ್ಲಿ ಒಂದು ಮುಚ್ಚಳ, ಒಂದು ನೀಲಿ ಕೈ, ಪೂರ್ತಿ ಧೈರ್ಯದ ಉತ್ತರ ಇದ್ದವು. ಈಗ ಚೀಲದಿಂದ ಡಿಎನ್‌ಎ ವರದಿಯ ಹಾಳೆ ತೆಗೆದು, ಅವಳಲ್ಲಿ ಮಾತ್ರ ಬೇರೆಯಾಗಿರುವ ಒಂದು ಅಕ್ಷರದ ಕೆಳಗೆ ಬೆರಳಿಟ್ಟು ಅವರಿಬ್ಬರಿಗೂ ತೋರಿಸಿದೆ.

“ಉರಪ್ಪಾ,” ಎಂದೆ.

ತಂದೆ ಹಾಳೆಯನ್ನು ಕೈಗೆ ತೆಗೆದುಕೊಂಡು, ಮುಂದೆ ನೋಡಿ, ಹಿಂದೆ ತಿರುವಿ ನೋಡಿ, ಮಡಚಿ ಜೇಬಿನಲ್ಲಿಟ್ಟುಕೊಂಡರು. ಹುಡುಗಿ ಫೋನ್ ವಾಪಸು ಕೊಡಲಿಲ್ಲ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಊದದ ಆ ಚುಕ್ಕೆಗಳನ್ನು ಒಂದೊಂದಾಗಿ ನೋಡುತ್ತ ಕುಳಿತಳು.